ಎಡಗೆನ್ನೆ

ರೈಲ್ವೆ ಗೇಟಿಗೆ ಅಂಟಿಕೊಂಡ ಸ್ಟುಡಿಯೋ ನನ್ನದು.
ಗೂಡ್ಸ್ ಬಂತೆಂದರೆ ಮುಕ್ಕಾಲಿ ನಡುಗುತ್ತದೆ,
ಕೂತವರು ಕೂತಲ್ಲೇ ಮಸುಕಾಗುತ್ತಾರೆ.
ಹಾಗಾಗಿ ಕಾಯುವುದು ಕಲಿತೆ,
ಕೊನೆಯ ಡಬ್ಬಿಯ ಸದ್ದು ಹರಿಹರದ ಕಡೆ ಕರಗುವ ತನಕ.

ಆ ಕಾಯುವ ಹೊತ್ತಿನಲ್ಲೇ ನೋಡಿದ್ದು
ರೋಣದ ಚಂಪಾಬಾಯಿಯನ್ನು.
ದಾವಣಗೆರೆಯೆಲ್ಲ ಅವಳನ್ನು ನೋಡಿದ್ದು
ಕಂಪನಿಯ ತಗಡಿನ ಥೇಟರಿನಲ್ಲಿ, ಒನ್ಸ್ ಮೋರ್ ಕೂಗಿ.
ನಾನು ನೋಡಿದ್ದು ಕರಿಬಟ್ಟೆಯೊಳಗೆ, ಉಜ್ಜಿದ ಗಾಜಿನ ಮೇಲೆ,
ತಲೆಕೆಳಗು:
ಪಾದ ಆಕಾಶದಲ್ಲಿ, ಕಿರೀಟ ನೆಲಕ್ಕೆ.

ಇಪ್ಪತ್ತಾರು ಕ್ಯಾಂಪು.
ಒಂದು ವರ್ಷ ರಾಣಿ, ಒಂದು ವರ್ಷ ಚಹಾದಂಗಡಿಯವಳು,
ಎಲ್ಲ ವರ್ಷವೂ ಬಲಗೆನ್ನೆ.
ಕುರ್ಚಿಯನ್ನು ನಾನೇ ಓರೆ ಹಾಕಿಡುತ್ತಿದ್ದೆ.
ಎಡಗೆನ್ನೆಯ ಸುಟ್ಟ ಕಲೆ ನಾನು ಕಂಡಿದ್ದೆ,
ಕ್ಯಾಮರಾ ಕಂಡಿರಲಿಲ್ಲ.

ಗಿರಣಿಯ ಅರಳೆ ಕಿಟಕಿ ಸಂದಿಯಲ್ಲಿ ತೇಲಿ ಬಂದು
ಒಣಗಲು ತೂಗಿಬಿಟ್ಟ ನೆಗೆಟಿವಿನ ಮೇಲೆ ಕೂರುತ್ತಿತ್ತು.
ಅವಳ ಹಣೆಗೆ ಬಿದ್ದ ಬಿಳಿ ಚುಕ್ಕೆಗಳನ್ನು
ಒಂದೇ ಕೂದಲಿನ ಕುಂಚದಲ್ಲಿ ಮುಚ್ಚಿದೆ.
ಆಮೇಲೆ ಪೆನ್ಸಿಲು, ಸೂಜಿಯ ಹಾಗೆ ಮಸೆದು.
ಕಣ್ಣಡಿಯ ಗೆರೆ, ಬಾಯಂಚಿನ ಗೆರೆ,
ಬರಬರುತ್ತ ಕೊರಳಿನವೂ.
ಪೋಸ್ಟರಿನ ಚಂಪಾಬಾಯಿಗೆ ಮೂವತ್ತು ದಾಟಲೇ ಇಲ್ಲ.
ಅವಳ ಮುಪ್ಪು ಊರಿನಲ್ಲಿ ಒಬ್ಬನಿಗೇ ಗೊತ್ತಿತ್ತು.

"ಅದೇನು, ಪ್ರೀತಿಯಾ?" ಅಂದಳು ನನ್ನಾಕೆ,
ಮಂಡಕ್ಕಿಗೆ ಒಗ್ಗರಣೆ ಹಾಕುತ್ತ.
ಅಲ್ಲ ಅಂದೆ. ಕೆಲಸ ಅಂದೆ.
"ಹಂಗಾದ್ರೆ ನನ್ದೂ ಒಂದು ತೆಗೀರಿ."
ತೆಗೆದೆ.
ಗೂಡ್ಸ್ ಬರುತ್ತಿತ್ತು. ಕಾಯಲಿಲ್ಲ.
ಆ ಪ್ರತಿಯನ್ನು ಅವಳು ಇನ್ನೂ ಅಕ್ಕಿಡಬ್ಬದಲ್ಲಿಟ್ಟಿದ್ದಾಳೆ,
ಮುಖವಿಲ್ಲದ್ದು.

ಕಂಪನಿ ಮುಳುಗಿ, ಗಿರಣಿ ಮುಚ್ಚಿ,
ಎಷ್ಟೋ ವರ್ಷದ ಮೇಲೆ ಒಂದು ಮಧ್ಯಾಹ್ನ
ಆಟೋದಿಂದ ಇಳಿದಳು, ಕೈಯಲ್ಲಿ ಬಟ್ಟೆಚೀಲ.
"ಮಾಸಾಶನದ ಅರ್ಜಿಗೆ ಬೇಕಾಗ್ಯಾದ ಮಾಸ್ತರ.
ನೆಟ್ಟಗ ಮುಖ, ಎರಡೂ ಕಿವಿ ಕಾಣಬೇಕಂತ."
ಕುರ್ಚಿ ನೇರ ಮಾಡಲು ನನಗೆ ಕೈ ಬರಲಿಲ್ಲ.
ಅವಳೇ ಮಾಡಿಕೊಂಡಳು.
"ತಿದ್ದಬ್ಯಾಡ್ರಿ ಮತ್ತ.
ಆಫೀಸಿನವ್ರು ಇಕಿ ಅಕಿ ಅಲ್ಲ ಅಂದಾರು."

ಅಷ್ಟಗಲ ಮುಖ ಎಂದೂ ನೋಡಿರಲಿಲ್ಲ.
ಕಲೆ ಹುಣಸೆ ಎಲೆಯಷ್ಟೂ ಇರಲಿಲ್ಲ.
ಇಷ್ಟಕ್ಕಾಗಿಯೇ ಇಬ್ಬರೂ
ಇಷ್ಟು ವರ್ಷ ಬಲಕ್ಕೆ ತಿರುಗಿದ್ದೆವಾ?

ಹಳಿಯ ಮೇಲೆ ಏನೂ ಇರಲಿಲ್ಲ.
ಗೇಟು ತೆರೆದಿತ್ತು, ಸೈಕಲ್ಲುಗಳು ದಾಟುತ್ತಿದ್ದವು.
ಆದರೂ ಕಾದೆ.
ಯಾಕೆ ಅಂತ ಅವಳು ಕೇಳಲಿಲ್ಲ,
ಕಣ್ಣು ಮಿಟುಕಿಸದೆ ಕೂತಳು.

ರಾತ್ರಿ ನೆಗೆಟಿವ್ ದೀಪಕ್ಕೆ ಹಿಡಿದೆ.
ಅರಳೆಯ ಒಂದೆಳೆಯೂ ಇಲ್ಲ.
ಪೆನ್ಸಿಲು ಮಸೆದೆ, ಯಾಕೋ,
ಮಸೆದು ಪಕ್ಕಕ್ಕಿಟ್ಟೆ.

ಮರುದಿನ ಎಂಟು ಪ್ರತಿ ಎಣಿಸಿಕೊಂಡು
ಸೆರಗಿನ ಗಂಟು ಬಿಚ್ಚಿ ಎಷ್ಟಾಯಿತು ಅಂದಳು,
ಮೊದಲ ಸಲ.
ಬೋರ್ಡಿನಲ್ಲಿದ್ದಷ್ಟೇ ಹೇಳಿದೆ.