ಪೆರೀತೊ

ಲಂಡನ್ನಿನ ಕಾಗದದಲ್ಲಿ ತೊಡಕಿದ್ದದ್ದು ಎರಡೇ ಪದ:
ಲಾಸ್ ಅಡ್ಜಸ್ಟರ್.
ಕನ್ನಡಕ ಹಣೆಗೇರಿಸಿ ಕೂತಿದ್ದಾಳೆ ನೆರೀನಾ,
ಕಿಯೋಜ್ಜಾದ ಕಾಲುವೆಗೆ ಬೆನ್ನು ಮಾಡಿ.

ನಷ್ಟವನ್ನು ಹೇಗೆ ಅಡ್ಜಸ್ಟ್ ಮಾಡುವುದು?
ಬಸ್ಸಿನ ಸೀಟೇ ಅದು,
ಸ್ವಲ್ಪ ಆಚೆ ಸರಿಯಿರಿ ಎನ್ನಲು?

'ಲಿಕ್ವಿದಾತೋರೆ' ಎಂದು ಬರೆದು ಹೊಡೆದುಹಾಕಿದಳು.
ಅದರೊಳಗೆ ನೀರಿನ ಸದ್ದು.
ದೋಣಿ ಮುಳುಗಿದ ಮನೆಗೆ ಹೋಗಬೇಕಾದ ಕಾಗದ ಇದು.
ಉಳಿದದ್ದು ಪೆರೀತೊ. ತಜ್ಞ.
ನಿಘಂಟು ಒಪ್ಪಿತು, ಕಂಪನಿಯೂ ಒಪ್ಪಿತು,
ಪುಟಕ್ಕೆ ಹನ್ನೆರಡು ಯೂರೊ.

"ಗುರುವಾರ ಮಧ್ಯಾಹ್ನ ಪೆರೀತೊ ನಿಮ್ಮ ಮನೆಗೆ ಬರುತ್ತಾನೆ."

ದೀರ್ಚೆ ಒಲೆಯ ಪಕ್ಕ ನಿಂತೇ ಓದಿದಳು,
ಮತ್ತೊಮ್ಮೆ ಓದಿದಳು.
ಬಲ್ಲವನಿಗೂ ಬಾಳು ಮುಗಿದವನಿಗೂ
ಅವಳ ಭಾಷೆಯಲ್ಲಿ ಅದೊಂದೇ ಪದ.
ನಮ್ಮಲ್ಲಾದರೆ
ಅಳೆದವನಿಗೂ ಅಳಿದವನಿಗೂ ನಡುವೆ
ಒಂದು ಗುಡಿಸಾದರೂ ಅಡ್ಡ ನಿಲ್ಲುತ್ತದೆ.

ಗುರುವಾರ ಮೇಜಿನ ಮೇಲೆ ಎರಡು ತಟ್ಟೆ,
ಹಬೆಯಾಡುವ ಪೊಲೆಂಟಾ.
ಬಂದವನು ಎಳೆಯ ಹುಡುಗ, ಕೈಯಲ್ಲಿ ಟೇಪು, ಫೈಲು.
ಹೊಸ್ತಿಲಲ್ಲಿ ಶೂ ಒರೆಸಿಕೊಳ್ಳುತ್ತ
ಹೆಸರು ಹೇಳಲು ಬಾಯಿ ತೆರೆದ.

"ಆಮೇಲೆ ಹೇಳು," ಅಂದಳು.
"ಮೊದಲು ಕೂತ್ಕೊ. ಆರಿಹೋಗುತ್ತೆ."