ಹ ಇಲ್ಲದ ಊರು

ಅತ್ತಿಬೆಲೆ ದಾಟುತ್ತಲೇ
ನಮ್ಮೂರ ಹೆಸರಿಂದ ಒಂದಕ್ಷರ ಉದುರಿಬೀಳುತ್ತದೆ.
ಆಚೆ ಬೋರ್ಡಿನಲ್ಲಿ ಹೊಸೂರು,
ಈಚೆ ಬೋರ್ಡಿನಲ್ಲಿ ಓಸೂರು.
ಜಗಳವೇನೂ ಆಗಲಿಲ್ಲ.
ಅಲ್ಲು, ಅಸು, ಉಳಿ ಅನ್ನುವ ನಮ್ಮ ಮನೆಯವರ ಬಾಯಲ್ಲಿ
ಆ ಹಕಾರ ಬಾಡಿಗೆಗೂ ಇದ್ದದ್ದಿಲ್ಲ.

ನಾನು ಬೋರ್ಡು ಬರೆಯುವವನು. ಮೂರು ಲಿಪಿ, ಒಂದೇ ಕುಂಚ.
ಕಲಿಸಿದವರು ಚೆಲ್ಲಪ್ಪಾಚಾರಿ:
ಕನ್ನಡಕ್ಕೆ ತಲೆಕಟ್ಟು ಮೊದಲು ಎಳಿ,
ತೆಲುಗಿಗೆ ಕೊನೆಗೆ ಏರಿಸು,
ತಮಿಳಿನ ಚುಕ್ಕಿ ಮರೀಬೇಡ,
ಯಾವ ಭಾಷೆಯವನೇ ಆಗಲಿ ಅರ್ಧ ದುಡ್ಡು ಮುಂಗಡ ಕೇಳು.

ಮೂವತ್ತೊಂದು ವರ್ಷ.
ಈ ಊರಲ್ಲೇ ನಿಂತು ನಾನು ಅತಿ ಹೆಚ್ಚು ಸಲ ಬರೆದ ಪದ
ಬೆಂಗಳೂರು.
ಬೆಂಗಳೂರಿಗೆ ನಲವತ್ತು ಕಿಲೋಮೀಟರು,
ಬೆಂಗಳೂರಿಗೆ ಮುಕ್ಕಾಲು ಗಂಟೆ (ಸೈಟು ಮಾರುವವರ ಲೆಕ್ಕ),
ಬೆಂಗಳೂರು ದರ್ಜಿ, ಬೆಂಗಳೂರು ಹಲ್ಲಿನ ಡಾಕ್ಟರು,
ಒಮ್ಮೆ ಬಾಗಲೂರು ರಸ್ತೆಯ ಕೋಲ್ಡ್ ರೂಮಿನಲ್ಲಿ
ಖೈರುನ್ನೀಸ ಕೈನಡುಗುತ್ತ ಇಪ್ಪತ್ತಿಪ್ಪತ್ತು ಹೂ ಎಣಿಸಿ ಕಟ್ಟುವಾಗ
ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತು ಪೆಟ್ಟಿಗೆ ಪೆಟ್ಟಿಗೆಗೂ ಅಚ್ಚೊತ್ತಿದ್ದೆ,
ಬೆಂಗಳೂರು ಗುಲಾಬಿ.
ಅವಳು ಬೆರಳಿನ ಮುಳ್ಳು ಕಿತ್ತು ತೋರಿಸಿದಳು:
ಅಣ್ಣಾ, ಇದು ಮಾತ್ರ ನಮ್ಮೂರಿಂದೇ.

ಅಲ್ಲೂ ಒಂದುಂಟು, ಇಲ್ಲವೆನ್ನಲಾರೆ.
ಆ ಮಹಾನಗರದಲ್ಲಿ ನಮ್ಮೂರ ಹೆಸರಿನ ರಸ್ತೆ.
ಬೊಮ್ಮನಹಳ್ಳಿಯ ಸಿಗ್ನಲ್ಲಿನಲ್ಲಿ ಸಿಕ್ಕಿಬಿದ್ದ ಅಷ್ಟೂ ಜನ
ದಿನಾ ಬೆಳಿಗ್ಗೆ ಹಲ್ಲು ಕಡಿದು
ನೋಡದ ಊರಿಗೆ ಬಯ್ಯುತ್ತಾರೆ.

ದೊಡ್ಡ ಮದುವೆಯಲ್ಲಿ
ಬಡಿಸುವುದಕ್ಕೆ ಮಾತ್ರ ಕರೆದ ನೆಂಟರ ಹಾಗೆ ನಾವು.
ಆನೇಕಲ್ಲು ಎಲೆ ಹಾಸುತ್ತದೆ, ಮಾಲೂರು ನೀರು ಬಿಡುತ್ತದೆ,
ಚಂದಾಪುರ ಬಾಗಿಲಲ್ಲಿ ಚಪ್ಪಲಿ ಕಾಯುತ್ತದೆ.
ಫೋಟೋ ತೆಗೆಯುವ ಹೊತ್ತಿಗೆ
ಯಾರೋ ಕೂಗುತ್ತಾರೆ: ಸ್ವಲ್ಪ ಪಕ್ಕಕ್ಕೆ ಸರೀರಿ.

ಸೇಲಂ ಬಸ್ಸು ನಿಲ್ದಾಣಕ್ಕೆ ಬರುತ್ತದೆ.
ಕಿಟಕಿಯಿಂದ ಒಂದು ತಲೆ: ಇಲ್ಲಿ ಏನಿದೆ?
ಕಂಡಕ್ಟರು ಚಿಲ್ಲರೆ ಎಣಿಸುತ್ತ, ತಲೆಯೆತ್ತದೆ:
ಏನಿಲ್ಲ. ಟೀಗೆ ಹತ್ತು ನಿಮಿಷ.

ಆ ಹತ್ತು ನಿಮಿಷದಲ್ಲಿ
ರಾತ್ರಿಪಾಳಿಯ ಹುಡುಗಿಯರು ನೀಲಿ ಟೋಪಿ ಮಡಚಿ
ತೆಲುಗಲ್ಲಿ ನಕ್ಕು ತಮಿಳಲ್ಲಿ ಇಡ್ಲಿ ಕೇಳಿದರು.
ಅಪ್ಪಾವು ಟೀಯನ್ನು ಮೊಳದುದ್ದ ಎಳೆದ.
ಕೊತ್ತಂಬರಿ ಮೂಟೆಯ ಮೇಲೆ ಕೂತಿದ್ದ ಗಂಗಿರೆಡ್ಡಮ್ಮ
ಫೋನಿನಲ್ಲಿ ಮೊಮ್ಮಗಳಿಗೆ ಕನ್ನಡದ ಮಗ್ಗಿ ಹೇಳಿಕೊಟ್ಟು
ಏಳೇಳಲಿಯಲ್ಲಿ ತಾನೇ ತಪ್ಪಿದಳು.
ರಾಮನಾಯಕನ ಕೆರೆಯ ಮೇಲೆ ಬೆಳಕಾಯಿತು,
ಕಸದ ಮೇಲೂ ಬಿತ್ತು, ಬಕಗಳ ಮೇಲೂ.
ಬಸ್ಸು ಹೊರಟಿತು. ಕೇಳಿದವನು
ಬಾಯಿ ತೆರೆದು ನಿದ್ದೆಹೋಗಿದ್ದ.

ಹೊಸ ಊರಂತೆ!
ಹೊಸದಾಗಿದ್ದದ್ದು ಯಾವ ಕಾಲದಲ್ಲಿ ಅನ್ನುವುದು
ಗುಡ್ಡದ ಮೇಲಿನ ಶಿವನಿಗೂ ನೆನಪಿರಲಿಕ್ಕಿಲ್ಲ.
ಮುದುಕಿಯನ್ನು ಪುಟ್ಟಮ್ಮ ಅನ್ನುತ್ತೇವಲ್ಲ, ಹಾಗೆ.

ನೆನ್ನೆ ನಿಲ್ದಾಣದ ಎದುರಿನ ಹೊಸ ಅಂಗಡಿಯಲ್ಲಿ
ಗಾಜಿನ ಬಾಗಿಲಿಗೆ ಬರೆಯುವ ಕೆಲಸ.
ಗಾಜಿಗೆ ಬಣ್ಣ ಹಚ್ಚುವ ಮೊದಲು ಜಿಡ್ಡು ತೆಗೆಯಬೇಕು,
ಮುಖ ಹತ್ತಿರ ತಂದು
ಎದೆಯಾಳದಿಂದ ಉಸಿರು ಬಿಡಬೇಕು: ಹಾ.
ಮಾರ್ಗಳಿಯ ಚಳಿ. ಅಂಗೈಯಗಲ ಮಂಜು ಕೂತಿತು.
ಯಾರೂ ನೋಡುತ್ತಿರಲಿಲ್ಲ.
ಬೆರಳಿಂದ ಬರೆದೆ, ತಲೆಕಟ್ಟು ಮೊದಲು:
ಹೊಸೂರು.
ಅಂಚಿನಿಂದ ಆರತೊಡಗಿತು.
ಮೊದಲು ಹೋದದ್ದು ರು.
ಹ ಇನ್ನೂ ಇತ್ತು.

ಆಮೇಲೆ ಬಟ್ಟೆಯಿಂದ ಒರೆಸಿ
ಮುಂಗಡ ಕೊಟ್ಟವರು ಹೇಳಿದ್ದನ್ನೇ
ಮೂರು ಲಿಪಿಯಲ್ಲೂ ಬರೆದೆ:
ಬೆಂಗಳೂರು ಬೇಕರಿ.