ಏಳು ತೊದಲು

ಒಡ್ಡಾದ ಕಾರ್ಖಾನೆಯಲ್ಲಿ ನಾನು ಸತು ಸುಲಿಯುವವನು.
ರಾತ್ರಿಯಿಡೀ ತಗಡಿನ ಮೇಲೆ ಕೂತದ್ದನ್ನು
ಬೆಳಿಗ್ಗೆ ಹಕ್ಕಳೆಯ ಹಾಗೆ ಕೀಳುತ್ತೇನೆ.

ಬರ್ಗೆನ್ನಿನ ಡಾಕ್ಟರಮ್ಮ ಕಾಗದದ ಮೇಲೆ ಗೀಚಿ ಹೇಳಿದರು:
ಒಂಬತ್ತನೇ ವರ್ಣತಂತುವಿನಲ್ಲೊಂದು ಜೀನ್,
ಅದು ಹೆಣೆಯುವ ಪ್ರೋಟೀನಿಗೆ ಮೂರು ಬೆರಳು,
ಸತುವಿನ ಬೆರಳು ಅಂತಲೇ ಹೆಸರು,
ಒಂದೊಂದರ ಮಡಿಕೆಯಲ್ಲೂ ಸತುವಿನ ಒಂದೇ ಒಂದು ಕಣ.

"ಸತುವೇ? ಟನ್ನುಗಟ್ಟಲೆ ಇದೆ ನಮ್ಮಲ್ಲಿ, ಎಷ್ಟು ಬೇಕು?" ಅಂದೆ.
ಅವರು ನಗಲಿಲ್ಲ.
ಬೆರಳು ಸರಿಯಿವೆ. ಸತುವೂ ಇದೆ.
ಕೆಟ್ಟದ್ದು ಅದರಾಚೆಯ ಬಾಲ:
ಹನ್ನೆರಡು ಸಲ ಬರಬೇಕಾದ ಅಲನಿನ್
ಹತ್ತೊಂಬತ್ತು ಸಲ ಬಂದಿದೆ.
ಒಂದು ಪ್ರತಿ ನಿಮ್ಮದು, ಇನ್ನೊಂದು ನಿಮ್ಮ ಹೆಂಡತಿಯದು.

ಏಳು ತೊದಲು. ಅಷ್ಟಕ್ಕೇ
ನೋವಿನ ನರ ಹುಟ್ಟಲೇ ಇಲ್ಲ.

ರಗ್ನಿಗೆ ಬೆಕ್ಕಿನ ಮೀಸೆ ಗೊತ್ತು, ಕಚಗುಳಿ ಗೊತ್ತು,
ಕತ್ತಲಲ್ಲೂ ಅಮ್ಮನ ಅಂಗೈ ಯಾವುದೆಂದು ಗೊತ್ತು.
ಒಲೆ ಗೊತ್ತಿಲ್ಲ. ಹಾಲುಹಲ್ಲು ಬಂದ ತಿಂಗಳೇ
ತೋರುಬೆರಳ ತುದಿ ಜಗಿದು
ಕೆಂಪು ಬಾಯಲ್ಲಿ ನಗುತ್ತಿದ್ದಳು.

ದಿನಾ ಸಂಜೆ ಟೂರಿಡ್ ಅವಳನ್ನು ದೀಪದಡಿ ನಿಲ್ಲಿಸಿಕೊಂಡು
ಓದುತ್ತಾಳೆ: ಅಂಗಾಲು, ನಾಲಿಗೆ, ಕಣ್ಣು.
ಗಾಜಿನ ಚೂರು ಸಿಕ್ಕ ದಿನ
ಅದು ಬಟ್ಟಲಿಗೆ ಬೀಳುವ ಸದ್ದು
ಮಹಡಿಯವರೆಗೆ ಕೇಳುತ್ತದೆ.

ಈಗ ಆರು ವರ್ಷ. ನಿನ್ನೆ ಸೇಬಿನ ತೋಪಿನ ಬೇಲಿ ದಾಟುವಾಗ
ಮೊಣಕಾಲು ಸೀಳಿತು.
ರಕ್ತ ನೋಡಿದಳು. ನನ್ನ ಮುಖ ನೋಡಿದಳು.
ಆಮೇಲೆ, ಮಗ್ಗಿ ಒಪ್ಪಿಸುವ ಹಾಗೆ, "ಅಯ್ಯೋ" ಅಂದಳು.

"ತಡವಾಯ್ತಾ ಅಪ್ಪಾ?"